ಜಠರದ ಹರ್ನಿಯಾ: ತುರ್ತು ಶಸ್ತ್ರಚಿಕಿತ್ಸೆಯ ಸಮಸ್ಯೆ

ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ ಎಂಬ ಮಾತುಗಳು ನಮ್ಮ ಹೋಟೆಲು ಕೆಲಸಗಾರರ ಕೋಣೆಯಲ್ಲಿಯೂ ಗುಮಾಸ್ತರ ಮನೆಯಲ್ಲಿಯೂ ದಿನನಿತ್ಯ ಕೇಳಿಬರುವಂಥವು. ನಸುಕಿನಲ್ಲಿ ಒಲೆ ಹೊತ್ತಿಸಿ ನಡುರಾತ್ರಿ ಪಾತ್ರೆ ಕವುಚಿ ಮಲಗುವವನಿಗೆ ಹೊತ್ತಿಗೆ ಸರಿಯಾದ ಊಟವೆಂಬುದಿಲ್ಲ. ಎರಡು ಗಾಡಿಗಳನ್ನು ಬದಲಿಸಿ ಕಚೇರಿಗೆ ಓಡುವವನಿಗೂ ಇಲ್ಲ. “ಗ್ಯಾಸ್ ಆಗಿದೆ” ಎಂದು ಒಂದು ಗುಳಿಗೆಯನ್ನೋ ಒಂದು ಲೋಟ ಸೋಡಾವನ್ನೋ ನುಂಗಿ ಕೆಲಸಕ್ಕೆ ಹೊರಡುವುದು ರೂಢಿಯಾಗಿಬಿಟ್ಟಿದೆ. ಬಹುಮಟ್ಟಿಗೆ ಇದರಿಂದ ಪ್ರಾಣಾಪಾಯವೇನೂ ಇಲ್ಲ. ಆದರೆ ಇದೇ ಗ್ಯಾಸಿನ ಹೆಸರಿನ ಮರೆಯಲ್ಲಿ, ವಿಶೇಷವಾಗಿ ವಯಸ್ಸಾದವರಲ್ಲಿ, ಅಡಗಿ ಕುಳಿತಿರುವ ಒಂದು ವ್ಯಾಧಿಯು ಕೆಲವೇ ಗಂಟೆಗಳ ಅವಧಿಯಲ್ಲಿ ರೋಗಿಯನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ಒಯ್ಯಬಲ್ಲುದು. ಮೇಜು ದೊರೆಯದಿದ್ದರೆ ಸ್ಮಶಾನಕ್ಕೂ ಒಯ್ಯಬಲ್ಲುದು. ವೈದ್ಯರು ಇದನ್ನು ಹಯೇಟಲ್ ಹರ್ನಿಯಾ ಎಂದು ಕರೆಯುತ್ತಾರೆ. ಈ ವ್ಯಾಧಿಯ ತುರ್ತು ಚಿಕಿತ್ಸೆಯ ಪ್ರಶ್ನೆಯು ಕೇವಲ ವೈದ್ಯರ ಪ್ರಶ್ನೆಯಲ್ಲ. ಊರು ಬಿಟ್ಟು ಪರಪ್ರಾಂತದಲ್ಲಿ ದುಡಿದು ಬಾಳುವ ಪ್ರತಿಯೊಂದು ಸಂಸಾರದ ಪ್ರಶ್ನೆಯೂ ಹೌದೆಂಬುದನ್ನು ಇಲ್ಲಿ ವಿವೇಚಿಸಬಯಸುತ್ತೇವೆ.

ವ್ಯಾಧಿಯ ಸ್ವರೂಪ

ನಮ್ಮ ಎದೆಗೂ ಹೊಟ್ಟೆಗೂ ನಡುವೆ ವಪೆಯೆಂಬ ಸ್ನಾಯುವಿನ ತೆರೆಯೊಂದಿದೆ. ಉಸಿರಾಟಕ್ಕೆ ಮುಖ್ಯ ಆಧಾರವಾದ ಈ ತೆರೆಯಲ್ಲಿ ಅನ್ನನಾಳವು ಕೆಳಗಿಳಿಯಲು ಒಂದು ಕಿಂಡಿಯಿದೆ. ವಯಸ್ಸಾದಂತೆ ಸ್ನಾಯು ಸಡಿಲಗೊಂಡು, ಇಲ್ಲವೆ ಬೊಜ್ಜು, ಬಹುಕಾಲದ ಕೆಮ್ಮು, ಮಲಬದ್ಧತೆ, ಭಾರವೆತ್ತುವಿಕೆ ಮೊದಲಾದವುಗಳಿಂದ ಹೊಟ್ಟೆಯೊಳಗಿನ ಒತ್ತಡವು ಹೆಚ್ಚಿ, ಈ ಕಿಂಡಿಯು ಅಗಲವಾದರೆ ಜಠರದ ಭಾಗವು ಮೇಲಕ್ಕೆ ಸರಿದು ಎದೆಯನ್ನು ಹೊಗುತ್ತದೆ. ಇದೇ ಹಯೇಟಲ್ ಹರ್ನಿಯಾ. ತೊಡೆಯ ಸಂದಿನ ಹರ್ನಿಯಾ ಹೊರಗೆ ಗಂಟಾಗಿ ಕಣ್ಣಿಗೆ ಬೀಳುತ್ತದೆ, ಇದು ಕಾಣಿಸುವುದಿಲ್ಲ. ಇದರ ಕಪಟವೆಲ್ಲ ಅಡಗಿರುವುದು ಅಲ್ಲಿಯೇ.

ಇದರಲ್ಲಿ ಎರಡು ಬಗೆಗಳುಂಟು. ಶೇಕಡಾ 90ಕ್ಕೂ ಹೆಚ್ಚು ರೋಗಿಗಳಲ್ಲಿ ಅನ್ನನಾಳ ಮತ್ತು ಜಠರಗಳು ಕೂಡುವ ಸ್ಥಳವೇ ಮೇಲಕ್ಕೂ ಕೆಳಕ್ಕೂ ಜಾರಾಡುತ್ತಿರುತ್ತದೆ. ಇದರಿಂದ ಎದೆಯುರಿ ಬರಬಹುದು. ಔಷಧ, ಪಥ್ಯ, ತಲೆದಿಂಬಿನ ಎತ್ತರ ಇವುಗಳಿಂದಲೇ ಬಹುಪಾಲು ಜನರಿಗೆ ಪರಿಹಾರವುಂಟು. ಉಳಿದ ಕೆಲವರಲ್ಲಿ ಜಠರವು ಅನ್ನನಾಳದ ಪಕ್ಕದಿಂದ ನುಗ್ಗಿ ಎದೆಯನ್ನು ಸೇರುತ್ತದೆ. ಕೆಲವೊಮ್ಮೆ ಜಠರದ ಅರ್ಧಕ್ಕೂ ಹೆಚ್ಚು ಭಾಗ, ಕೆಲವೊಮ್ಮೆ ಕರುಳಿನ ಭಾಗವೂ ಮೇಲೇರುವುದುಂಟು. ಆಪತ್ತಿಗೆ ಮೂಲವಾದುದು ಈ ಎರಡನೆಯ ಬಗೆ. ಇದು ಹೆಚ್ಚಾಗಿ ವೃದ್ಧರಲ್ಲಿ, ಅದರಲ್ಲಿಯೂ ವೃದ್ಧ ಸ್ತ್ರೀಯರಲ್ಲಿ ಕಂಡುಬರುತ್ತದೆ. ಅರ್ಥಾತ್, ಈ ಲೇಖನವನ್ನು ಓದುತ್ತಿರುವ ತರುಣ ಕೆಲಸಗಾರನಿಗಿಂತಲೂ ಅವನ ತಾಯಿಗೆ, ಊರಿನಲ್ಲಿ ಒಂಟಿಯಾಗಿರುವ ಅಜ್ಜಿಗೆ, ಇದರ ಭಯ ಹೆಚ್ಚು.

ಆಪತ್ತಿನ ಚಿಹ್ನೆಗಳು

ಎದೆಗೇರಿದ ಜಠರವು ಒಮ್ಮೊಮ್ಮೆ ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಆಗ ಒಳಗಿನ ಅನ್ನಪಾನಗಳು ಕೆಳಗಿಳಿಯವು, ಮೇಲಕ್ಕೂ ಬಾರವು. ಜಠರವು ಉಬ್ಬುತ್ತ ಹೋಗಿ ಅದರ ಗೋಡೆಗೆ ರಕ್ತವನ್ನು ತರುವ ನಾಳಗಳು ಅದುಮಲ್ಪಡುತ್ತವೆ. ರಕ್ತವಿಲ್ಲದ ಅಂಗವು ಕೊಳೆಯತೊಡಗಿ, ಕೊನೆಗೆ ತೂತುಬಿದ್ದು, ಅದರೊಳಗಿನ ವಿಷವು ಎದೆಯ ಗೂಡಿನಲ್ಲಿ ಹರಡುತ್ತದೆ. ಇಷ್ಟೆಲ್ಲ ನಡೆಯುವುದು ದಿನಗಳಲ್ಲಿ ಅಲ್ಲ, ಗಂಟೆಗಳಲ್ಲಿ.

ಜರ್ಮನಿಯ ಶಸ್ತ್ರವೈದ್ಯ ಮೋರಿಟ್ಸ್ ಬೋರ್ಖಾರ್ಟನು 1904ರಲ್ಲಿಯೇ ತಿರುಚಿದ ಜಠರದ ಮೂರು ಚಿಹ್ನೆಗಳನ್ನು ಗುರುತಿಸಿಟ್ಟನು: ಹೊಟ್ಟೆಯ ಮೇಲ್ಭಾಗದಲ್ಲಿ ತೀವ್ರವಾದ ನೋವು, ಓಕರಿಕೆ ಮೇಲಿಂದ ಮೇಲೆ ಬಂದರೂ ವಾಂತಿಯಾಗದಿರುವುದು, ಮೂಗಿನಿಂದ ಜಠರಕ್ಕೆ ನಳಿಗೆಯನ್ನು ಇಳಿಸಹೋದರೆ ಅದು ಇಳಿಯದಿರುವುದು. ಮೂರನೆಯದನ್ನು ತಿಳಿಯಬಲ್ಲವನು ವೈದ್ಯನೇ. ಮೊದಲಿನ ಎರಡನ್ನು ಮನೆಯವರೂ ತಿಳಿಯಬಹುದು. ವಯಸ್ಸಾದವರು ನೋವಿನಿಂದ ಮುದುಡಿಕೊಂಡು, ಓಕರಿಸಿ ಓಕರಿಸಿ, ಆದರೂ ಏನನ್ನೂ ಹೊರಹಾಕಲಾರದೆ ಬಳಲುತ್ತಿದ್ದರೆ ಅದು ಗ್ಯಾಸ್ ಅಲ್ಲ. ಅದಕ್ಕೆ ಜೀರಿಗೆ ಕಷಾಯ ಮದ್ದಲ್ಲ.

ಇನ್ನೊಂದು ಸಂದಿಗ್ಧವಿದೆ. ನೋವು ಎದೆಯಲ್ಲಿ ಬರುವುದರಿಂದ ಹೃದಯಾಘಾತವೆಂಬ ಶಂಕೆ ಮೊದಲು ಮೂಡುತ್ತದೆ. ಹೃದಯದ ಪರೀಕ್ಷೆಯನ್ನು ಮೊದಲು ಮಾಡುವುದು ಸರಿಯಾದುದೇ. ಆದರೆ ಹೃದಯದಲ್ಲಿ ದೋಷವಿಲ್ಲವೆಂದು ಕಂಡೊಡನೆ “ಏನೂ ಇಲ್ಲ, ಮನೆಗೆ ಹೋಗಿ” ಎಂದು ಕಳುಹಿಸುವುದು ಮಾತ್ರ ಅಪಾಯಕರ. ಎದೆಯ ಒಂದು ಸಾಮಾನ್ಯ ಎಕ್ಸ್‌ರೇ ಚಿತ್ರದಲ್ಲಿ ಹೃದಯದ ನೆರಳಿನ ಹಿಂದೆ ಗಾಳಿ ಮತ್ತು ನೀರಿನ ಮಟ್ಟವು ಕಂಡರೆ ಸಂಶಯಕ್ಕೆ ಸಾಕಷ್ಟು ಆಧಾರ ದೊರೆತಂತಾಯಿತು. ಸಿಟಿ ಸ್ಕ್ಯಾನಿನಿಂದ ಅದು ನಿಶ್ಚಯವಾಗುತ್ತದೆ.

ಇದಲ್ಲದೆ ನಿಧಾನವಾಗಿ ಕೊರೆಯುವ ತೊಡಕೂ ಒಂದಿದೆ. ದೊಡ್ಡ ಹರ್ನಿಯಾದಲ್ಲಿ ಜಠರವು ವಪೆಗೆ ಉಜ್ಜುವ ಕಡೆ ಗೀರು ಹುಣ್ಣುಗಳಾಗಿ ರಕ್ತವು ಕಣ್ಣಿಗೆ ಕಾಣದಂತೆ ಜಿನುಗುತ್ತದೆ. 1986ರಲ್ಲಿ ಇವುಗಳನ್ನು ವಿವರಿಸಿದ ವೈದ್ಯನ ಹೆಸರಿನಿಂದ ಇವಕ್ಕೆ ಕ್ಯಾಮರಾನ್ ಹುಣ್ಣುಗಳೆಂದು ಹೆಸರಾಗಿದೆ. ಕಾರಣ ತಿಳಿಯದ ರಕ್ತಹೀನತೆಯಿಂದ ಸೊರಗುತ್ತಿರುವ ವೃದ್ಧೆಗೆ ಕಬ್ಬಿಣದ ಗುಳಿಗೆಗಳನ್ನಷ್ಟೇ ಕೊಡುತ್ತ ಹೋಗುವ ಬದಲು ಒಮ್ಮೆ ಎಂಡೋಸ್ಕೋಪಿ ಮಾಡಿಸಿ ನೋಡುವುದು ವಿವೇಕ.

ಶಸ್ತ್ರವೈದ್ಯನ ಕೆಲಸ

ರೋಗಿಯು ಆಸ್ಪತ್ರೆಗೆ ಬಂದೊಡನೆ ಚಾಕು ಹಿಡಿಯುವುದೇ ಮೊದಲ ಕೆಲಸವಲ್ಲ. ರಕ್ತನಾಳದ ಮೂಲಕ ದ್ರವವನ್ನು ಕೊಟ್ಟು ಬತ್ತಿದ ದೇಹಕ್ಕೆ ಚೇತನ ತುಂಬಬೇಕು. ಮೂಗಿನ ನಳಿಗೆಯಿಂದ, ಅದು ಸಾಧ್ಯವಾಗದಿದ್ದರೆ ಎಂಡೋಸ್ಕೋಪಿನ ಸಹಾಯದಿಂದ, ಉಬ್ಬಿದ ಜಠರವನ್ನು ಬರಿದುಮಾಡಬೇಕು. ಈ ಒಂದು ಕೆಲಸವು ಸಕಾಲದಲ್ಲಿ ಆದರೆ ಒತ್ತಡವು ಇಳಿದು, ಎಷ್ಟೋ ರೋಗಿಗಳು ಚೇತರಿಸಿಕೊಳ್ಳುತ್ತಾರೆ. ಆಗ ಒಂದೆರಡು ದಿನಗಳಲ್ಲಿ, ಅನುಭವಿಯಾದ ಶಸ್ತ್ರವೈದ್ಯನಿಂದ, ಸಾವಕಾಶವಾಗಿ ಶಸ್ತ್ರಚಿಕಿತ್ಸೆ ನಡೆಸಲು ಅವಕಾಶ ದೊರೆಯುತ್ತದೆ. ನಳಿಗೆ ಇಳಿಯದಿದ್ದರೆ, ಅಥವಾ ಜಠರವು ಕೊಳೆತ ಇಲ್ಲವೆ ತೂತುಬಿದ್ದ ಲಕ್ಷಣಗಳು ಕಂಡರೆ, ರಾತ್ರಿಯೆನ್ನದೆ ಹಗಲೆನ್ನದೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಲೇಬೇಕು.

ಅದರ ಕ್ರಮವು ಹೇಳುವುದಕ್ಕೆ ಸರಳ. ಜಠರವನ್ನು ಕೆಳಗೆಳೆದು ಸ್ವಸ್ಥಾನಕ್ಕೆ ತರುವುದು, ಎದೆಯೊಳಗಿನ ಹರ್ನಿಯಾ ಚೀಲವನ್ನು ಬಿಡಿಸಿ ತೆಗೆಯುವುದು, ಕೊಳೆತ ಭಾಗವಿದ್ದರೆ ಕತ್ತರಿಸುವುದು, ವಪೆಯ ಕಿಂಡಿಯನ್ನು ಹೊಲಿದು ಕಿರಿದುಗೊಳಿಸುವುದು, ಜಠರದ ಮೇಲ್ಭಾಗವನ್ನು ಅನ್ನನಾಳದ ಕೆಳತುದಿಗೆ ಸುತ್ತಿ ಕಟ್ಟುವುದು. ಈ ಕಡೆಯ ಉಪಾಯವನ್ನು 1955ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಜಾರಿಗೆ ತಂದವನು ರುಡಾಲ್ಫ್ ನಿಸ್ಸೆನ್. ಈತನೂ ಸ್ವದೇಶ ಬಿಟ್ಟು ಅಲೆದವನೇ: ಯೆಹೂದಿಯಾದುದರಿಂದ 1933ರಲ್ಲಿ ಜರ್ಮನಿಯನ್ನು ತೊರೆದು, ಇಸ್ತಾಂಬುಲ್, ಅಮೆರಿಕೆಗಳಲ್ಲಿ ದುಡಿದು, ಬಳಿಕ ಬಾಸೆಲ್ ಸೇರಿದನು. 1991ರಿಂದೀಚೆಗೆ ಈ ಸುತ್ತುಕಟ್ಟನ್ನು ದೊಡ್ಡ ಗಾಯವಿಲ್ಲದೆ, ಸಣ್ಣ ರಂಧ್ರಗಳ ಮೂಲಕ ದೂರದರ್ಶಕವನ್ನಿಳಿಸಿ ಮಾಡುವ ಲ್ಯಾಪರೋಸ್ಕೋಪಿ ವಿಧಾನವು ಬಳಕೆಗೆ ಬಂದು, ವೃದ್ಧರಿಗೆ ಬಹಳ ಉಪಕಾರವಾಗಿದೆ. ರೋಗಿಯು ತೀರ ದುರ್ಬಲನಾಗಿದ್ದರೆ ಎಲ್ಲವನ್ನೂ ಒಮ್ಮೆಗೇ ಮಾಡುವ ಹಟವನ್ನು ಬಿಟ್ಟು, ಜಠರವನ್ನು ಕೆಳಗಿಳಿಸಿ ಹೊಟ್ಟೆಯ ಗೋಡೆಗೆ ಹೊಲಿದು ನಿಲ್ಲಿಸುವಷ್ಟಕ್ಕೇ ತೃಪ್ತರಾಗುವುದೂ ಉಂಟು. ಪ್ರಾಣವುಳಿಸುವುದು ಮೊದಲು, ಪರಿಪೂರ್ಣತೆ ಆಮೇಲೆ.

ಹೊಲಿದ ಕಿಂಡಿಯು ಪುನಃ ಸಡಿಲವಾಗುವುದುಂಟೆಂಬುದನ್ನೂ ಮರೆಮಾಚಬಾರದು. ಅಮೆರಿಕೆಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಭ್ಯಾಸದಲ್ಲಿ, ಜೈವಿಕ ಜಾಲರಿಯನ್ನಿಟ್ಟು ಹೊಲಿದರೂ ಇಡದೆ ಹೊಲಿದರೂ, ಸುಮಾರು ಐದು ವರ್ಷಗಳ ಬಳಿಕ ಅರ್ಧಕ್ಕೂ ಹೆಚ್ಚು ಜನರಲ್ಲಿ ಪರೀಕ್ಷೆಯ ಚಿತ್ರಗಳಲ್ಲಿ ಹರ್ನಿಯಾ ಮರುಕಳಿಸಿದ್ದು ಕಂಡುಬಂದಿತು. ಆದರೆ ಅವರಲ್ಲಿ ಪುನಃ ಶಸ್ತ್ರಚಿಕಿತ್ಸೆಯ ಅವಶ್ಯಕತೆಯುಂಟಾದವರು ಅತ್ಯಲ್ಪ.

ಕಾಯುವುದೋ, ಮೊದಲೇ ಹೊಲಿಸುವುದೋ?

ಇಲ್ಲಿಯೇ ವೈದ್ಯಲೋಕದ ದೊಡ್ಡ ವಾದವಿದೆ. 1967ರಲ್ಲಿ ಸ್ಕಿನ್ನರ್ ಮತ್ತು ಬೆಲ್ಸಿ ಎಂಬ ಶಸ್ತ್ರವೈದ್ಯರು ತಮ್ಮ ಅನುಭವವನ್ನು ಪ್ರಕಟಿಸಿದರು. ಅನ್ನನಾಳದ ಪಕ್ಕದ ಹರ್ನಿಯಾವಿದ್ದು, ತೊಂದರೆ ಅಲ್ಪವೆಂದು ಶಸ್ತ್ರಚಿಕಿತ್ಸೆಯಿಲ್ಲದೆ ಬಿಟ್ಟ 21 ರೋಗಿಗಳಲ್ಲಿ 6 ಮಂದಿ ಅದರ ತೊಡಕುಗಳಿಂದ ಮರಣ ಹೊಂದಿದರು. ಅಂದಿನಿಂದ ದಶಕಗಳ ಕಾಲ, ಇಂಥ ಹರ್ನಿಯಾ ಕಂಡೊಡನೆ ಹೊಲಿಸತಕ್ಕದ್ದೆಂಬುದೇ ನಿಯಮವಾಯಿತು.

2002ರಲ್ಲಿ ಸ್ಟೈಲೋಪೌಲೋಸ್, ಗಝೆಲ್, ರಾಟ್ನರ್ ಎಂಬವರು ಇದನ್ನು ಲೆಕ್ಕಾಚಾರದಿಂದ ಪರೀಕ್ಷಿಸಿದರು. ತೊಂದರೆಯಿಲ್ಲದ ಅಥವಾ ಅಲ್ಪ ತೊಂದರೆಯುಳ್ಳ ರೋಗಿಗಳಲ್ಲಿ ವರ್ಷಕ್ಕೆ ಶೇಕಡಾ 1.1ರಷ್ಟು ಜನರಿಗೆ ಮಾತ್ರ ತುರ್ತು ಶಸ್ತ್ರಚಿಕಿತ್ಸೆಯ ಪ್ರಸಂಗವು ಒದಗುತ್ತದೆಂದೂ, ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಮರಣವು ಶೇಕಡಾ 5.4, ಮೊದಲೇ ನಿಶ್ಚಯಿಸಿ ಮಾಡಿದುದರಲ್ಲಿ ಶೇಕಡಾ 1.4 ಎಂದೂ ಅವರು ಎಣಿಸಿದರು. ಈ ಆಧಾರದಿಂದ, ಇಂಥವರಲ್ಲಿ ಶೇಕಡಾ 83 ಜನರಿಗೆ ಎಚ್ಚರದಿಂದ ಕಾಯುವುದೇ ಲೇಸೆಂದು ತೀರ್ಮಾನಿಸಿದರು. ತೊಂದರೆಯುಳ್ಳವರು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕು, ತೊಂದರೆಯಿಲ್ಲದವರು ಕಾಯಬಹುದು ಎಂಬ ಅಭಿಪ್ರಾಯಕ್ಕೆ ಅಂದಿನಿಂದ ಬಲ ಬಂದಿತು.

ಈ ಲೆಕ್ಕವನ್ನು ಗುಮಾಸ್ತನೊಬ್ಬನು ತನ್ನ ಖಾತೆಪುಸ್ತಕದಂತೆ ಬಿಡಿಸಿ ನೋಡಬಹುದು. ನೂರು ಮಂದಿ ಹತ್ತು ವರ್ಷ ಕಾದರೆ ಸುಮಾರು ಹತ್ತು ಮಂದಿಗೆ ತುರ್ತು ಒದಗುತ್ತದೆ. ಅವರಲ್ಲಿ ಶೇಕಡಾ 5.4ರ ಪ್ರಕಾರ ಸಾಯುವವರು ಸರಾಸರಿ ಅರ್ಧ ಮನುಷ್ಯ. ನೂರು ಮಂದಿಗೂ ಇಂದೇ ಶಸ್ತ್ರಚಿಕಿತ್ಸೆ ಮಾಡಿದರೆ ಸಾಯುವವರು ಒಂದೂವರೆಗೆ ಸ್ವಲ್ಪ ಕಡಿಮೆ. ಆದುದರಿಂದ ಕಾಯುವುದೇ ಲಾಭ. ಆದರೆ ಈ ಲಾಭದ ತಳದಲ್ಲಿ ಒಂದು ಷರತ್ತು ಅಡಗಿದೆ. ಶೇಕಡಾ 5.4 ಎಂಬುದು ಅಮೆರಿಕೆಯ ಆಸ್ಪತ್ರೆಗಳ ದಾಖಲೆಗಳಿಂದ ತೆಗೆದ ಅಂಕೆ. ಅಲ್ಲಿ ಆಸ್ಪತ್ರೆಯ ಬಾಗಿಲನ್ನು ಮುಟ್ಟಿ, ಶಸ್ತ್ರಚಿಕಿತ್ಸೆ ಪಡೆದವರ ಅಂಕೆ. ಬಾಗಿಲು ಮುಟ್ಟುವಾಗಲೇ ಜಠರವು ಕೊಳೆತಿದ್ದರೆ? ತುರ್ತಿನ ಮರಣವು ಶೇಕಡಾ 13 ಅಥವಾ 14ಕ್ಕೆ ಏರಿದರೆ ಹತ್ತು ವರ್ಷಗಳಲ್ಲಿ ಎರಡು ತಕ್ಕಡಿಗಳೂ ಸಮನಾಗುತ್ತವೆ. ಅದಕ್ಕೂ ಮೇಲೇರಿದರೆ ಕಾಯುವುದೇ ನಷ್ಟವಾಗುತ್ತದೆ. ಅಂದ ಮೇಲೆ, ಕಾಯಬಹುದೇ ಎಂಬ ಪ್ರಶ್ನೆಗೆ ರೋಗಿಯ ವಯಸ್ಸು, ಹೃದಯ, ಶ್ವಾಸಕೋಶಗಳನ್ನು ನೋಡಿದರಷ್ಟೇ ಉತ್ತರ ಸಿಗದು. ಆಕೆ ವಾಸಿಸುವ ಹಳ್ಳಿಯಿಂದ ಶಸ್ತ್ರಚಿಕಿತ್ಸೆಯ ಸೌಕರ್ಯವುಳ್ಳ ಆಸ್ಪತ್ರೆಗೆ ಎಷ್ಟು ಗಂಟೆಯ ದಾರಿ, ರಾತ್ರಿಯ ವೇಳೆ ಕರೆದೊಯ್ಯುವವರಾರು ಎಂಬುದನ್ನೂ ನೋಡಬೇಕಾಗುತ್ತದೆ. ಮಗನು ಮುಂಬಯಿಯಲ್ಲಿ, ಮಗಳು ಪುಣೆಯಲ್ಲಿ ಇದ್ದು, ತಾಯಿಯೊಬ್ಬಳೇ ಘಟ್ಟದ ಬುಡದ ಮನೆಯಲ್ಲಿರುವ ಸಂಸಾರಕ್ಕೆ ಆ ಲೆಕ್ಕವು ಬೇರೆಯಾಗಿಯೇ ಬೀಳುತ್ತದೆ. ಈ ಸಂಗತಿಯನ್ನು ವೈದ್ಯರ ಮುಂದೆ ಸ್ಪಷ್ಟವಾಗಿ ಹೇಳಿಕೊಳ್ಳಲು ಯಾರೂ ಸಂಕೋಚಪಡಬೇಕಾದುದಿಲ್ಲ.

ಗಂಟೆಗಳು ಕಳೆಯುವ ಸ್ಥಳಗಳು

ತುರ್ತು ರೋಗಿಯ ಗಂಟೆಗಳು ಎಲ್ಲೆಲ್ಲಿ ಸೋರಿಹೋಗುತ್ತವೆ? ಮೊದಲನೆಯದು ಮನೆಯಲ್ಲಿ, ಗ್ಯಾಸೆಂಬ ನಂಬಿಕೆಯಿಂದ. ಎರಡನೆಯದು ಹತ್ತಿರದ ಸಣ್ಣ ದವಾಖಾನೆಯಲ್ಲಿ, ನೋವು ನಿವಾರಣೆಯ ಸೂಜಿಮದ್ದಿನಿಂದ. ಮೂರನೆಯದು ಹಾಸಿಗೆ ಇಲ್ಲವೆಂದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವ ದಾರಿಯಲ್ಲಿ. ನಾಲ್ಕನೆಯದು ಠೇವಣಿ ಹಣ ಕಟ್ಟುವ ಕಿಟಕಿಯ ಮುಂದೆ. ಮೊದಲಿನ ಎರಡಕ್ಕೆ ತಿಳಿವಳಿಕೆಯೇ ಮದ್ದು. ಕೊನೆಯ ಎರಡಕ್ಕೆ ಕಾನೂನು ಬೇಕು.

ಕಾನೂನು ಇಲ್ಲವೆಂದಲ್ಲ. ಸರಕಾರಿಯಿರಲಿ ಖಾಸಗಿಯಿರಲಿ, ಪ್ರಾಣಾಪಾಯದಲ್ಲಿರುವವನನ್ನು ಉಳಿಸಲು ಯತ್ನಿಸುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸಾರಿತು. ಪಶ್ಚಿಮ ಬಂಗಾಳದಲ್ಲಿ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಕೂಲಿಕಾರನನ್ನು ಹಾಸಿಗೆಯಿಲ್ಲ, ಸೌಕರ್ಯವಿಲ್ಲ ಎಂದು ಒಂದರ ಮೇಲೊಂದು ಸರಕಾರಿ ಆಸ್ಪತ್ರೆಗಳು ಹಿಂದಕ್ಕೆ ಕಳುಹಿಸಿದಾಗ ಅವನು ಖಾಸಗಿ ಆಸ್ಪತ್ರೆಯನ್ನು ಸೇರಬೇಕಾಯಿತು. ಆ ಪ್ರಕರಣದಲ್ಲಿ 1996ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಸಕಾಲದಲ್ಲಿ ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಹೇಳಿ, ಅವನಿಗೆ 25,000 ರೂಪಾಯಿ ಪರಿಹಾರವನ್ನು ವಿಧಿಸಿತು. ಹಣದ ಕೊರತೆಯ ನೆಪವನ್ನು ಸರಕಾರವು ಒಡ್ಡುವಂತಿಲ್ಲವೆಂದೂ ಎಚ್ಚರಿಸಿತು.

ಮಹಾರಾಷ್ಟ್ರದಲ್ಲಿರುವವರಿಗೆ ಇನ್ನೂ ಒಂದು ಆಧಾರವುಂಟು. ಮುಂಬಯಿ ಉಚ್ಚ ನ್ಯಾಯಾಲಯವು 2006ರಲ್ಲಿ ಅಂಗೀಕರಿಸಿದ ಯೋಜನೆಯ ಪ್ರಕಾರ, ಧರ್ಮಾದಾಯ ಸಂಸ್ಥೆಗಳು ನಡೆಸುವ ಆಸ್ಪತ್ರೆಗಳು ಶೇಕಡಾ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ, ಶೇಕಡಾ 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿಯೂ ಮೀಸಲಿಡಬೇಕು; ತುರ್ತು ರೋಗಿಯನ್ನು ಒಡನೆಯೇ ಸೇರಿಸಿಕೊಂಡು ಪ್ರಾಣರಕ್ಷಣೆಯ ಚಿಕಿತ್ಸೆಯನ್ನು ಕೊಡಬೇಕು. ಹೊರಗಿನಿಂದ ಅರಮನೆಯಂತೆ ಕಾಣುವ ಎಷ್ಟೋ ಆಸ್ಪತ್ರೆಗಳು ಈ ನಿಯಮಕ್ಕೆ ಒಳಪಟ್ಟ ಧರ್ಮಾದಾಯ ಸಂಸ್ಥೆಗಳೇ ಆಗಿವೆ. ಇದನ್ನರಿಯದೆ ನಮ್ಮವರು ಅವುಗಳ ಮೆಟ್ಟಿಲು ಹತ್ತಲು ಅಂಜುತ್ತಾರೆ.

ಹಣದ ಆಧಾರಗಳು

ಹೋಟೆಲು ಕೆಲಸಗಾರರಿಗೆ ರಾಜ್ಯ ವಿಮಾ ಯೋಜನೆ, ಅಂದರೆ ಇ.ಎಸ್.ಐ., ಮೊದಲ ಆಸರೆಯಾಗಬೇಕಾದುದು. 1948ರ ಕಾಯಿದೆಯಿಂದ ಹುಟ್ಟಿದ ಈ ಯೋಜನೆಯ ವೇತನಮಿತಿಯನ್ನು 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿಗಳಿಗೆ ಏರಿಸಲಾಯಿತು. 2019ರ ಜುಲೈಯಿಂದ ಕೆಲಸಗಾರನ ಪಾಲನ್ನು ವೇತನದ ಶೇಕಡಾ 0.75ಕ್ಕೂ ಮಾಲೀಕನ ಪಾಲನ್ನು ಶೇಕಡಾ 3.25ಕ್ಕೂ ಇಳಿಸಲಾಯಿತು. ಕೆಲಸಗಾರನಿಗಷ್ಟೇ ಅಲ್ಲ, ನಿಯಮಾನುಸಾರ ಅವಲಂಬಿತರಾದ ಅವನ ತಂದೆತಾಯಿಗಳಿಗೂ ಇದರಲ್ಲಿ ಚಿಕಿತ್ಸೆಯುಂಟು. ಆದರೆ ಹೆಸರು ದಾಖಲಾಗಿದ್ದರೆ ಮಾತ್ರ. ಗಲ್ಲದ ಮೇಲೆ ಕುಳಿತ ಯಜಮಾನರನ್ನು “ನನ್ನ ಹೆಸರು ಬರೆಸಿದ್ದೀರಾ?” ಎಂದು ವಿನಯದಿಂದ ಕೇಳುವುದು ಅವಿಧೇಯತೆಯಲ್ಲ.

2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಆಸ್ಪತ್ರೆಯ ವೆಚ್ಚವನ್ನು ವಹಿಸುತ್ತದೆ. 2024ರ ಅಕ್ಟೋಬರಿನಲ್ಲಿ 70 ವರ್ಷ ದಾಟಿದ ಎಲ್ಲರಿಗೂ, ಆದಾಯವನ್ನು ನೋಡದೆ, ಇದನ್ನು ವಿಸ್ತರಿಸಲಾಯಿತು. ಪಕ್ಕದ ಹರ್ನಿಯಾವು ವೃದ್ಧರ ವ್ಯಾಧಿಯಾದುದರಿಂದ ಈ ವಿಸ್ತರಣೆಯು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಊರಿನಲ್ಲಿ ಮಾಡಿಸಿದ ಚೀಟಿಯು ಯೋಜನೆಗೆ ಸೇರಿದ ಅನ್ಯ ರಾಜ್ಯಗಳ ಆಸ್ಪತ್ರೆಗಳಲ್ಲಿಯೂ ನಡೆಯುತ್ತದೆಂಬುದು ವಲಸೆಗಾರನಿಗೆ ದೊಡ್ಡ ಅನುಕೂಲ. ಮಹಾರಾಷ್ಟ್ರ ಸರಕಾರವೂ 2023ರಲ್ಲಿ ತನ್ನ ಮಹಾತ್ಮಾ ಜ್ಯೋತಿರಾವ ಫುಲೆ ಜನಾರೋಗ್ಯ ಯೋಜನೆಯನ್ನು ರಾಜ್ಯದ ಎಲ್ಲ ಕುಟುಂಬಗಳಿಗೆ ವಿಸ್ತರಿಸಲು ನಿರ್ಧರಿಸಿತು. ಆದರೆ ಪಡಿತರ ಚೀಟಿಯನ್ನು ಊರಿನಲ್ಲಿಟ್ಟು, ಹೋಟೆಲಿನ ಅಟ್ಟದ ಮೇಲೆ ಮಲಗುವವನಿಗೆ ತಾನು ಈ ರಾಜ್ಯದ ನಿವಾಸಿಯೆಂದು ತೋರಿಸುವುದೇ ಕಷ್ಟ. ರಾತ್ರಿ ಎರಡು ಗಂಟೆಗೆ ಕಾಗದ ಹುಡುಕಹೊರಟವನಿಗೆ ಯಾವ ಯೋಜನೆಯೂ ನೆರವಾಗದು.

ನಮ್ಮ ಕರ್ತವ್ಯ

ಆದುದರಿಂದ ಸರಕಾರವನ್ನು ದೂರಿ ಸುಮ್ಮನಾಗುವುದರಿಂದ ಪ್ರಯೋಜನವಿಲ್ಲ. ಮುಂಬಯಿಯಲ್ಲಿ ಕೆ.ಇ.ಎಂ., ನಾಯರ್, ಸಯನ್ ಆಸ್ಪತ್ರೆಗಳಿವೆ. ಪುಣೆಯಲ್ಲಿ ಸಸೂನ್, ಹೈದರಾಬಾದಿನಲ್ಲಿ ಉಸ್ಮಾನಿಯಾ ಮತ್ತು ಗಾಂಧಿ ಆಸ್ಪತ್ರೆಗಳು, ಚೆನ್ನೈಯಲ್ಲಿ ಸ್ಟ್ಯಾನ್ಲಿ, ದಿಲ್ಲಿಯಲ್ಲಿ ಸಫ್ದರ್‌ಜಂಗ್ ಇವೆ. ಹಗಲಿರುಳು ಶಸ್ತ್ರವೈದ್ಯರಿರುವ ಇಂಥ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗುವುದೇ ಸಣ್ಣ ದವಾಖಾನೆಗಳಲ್ಲಿ ಅಲೆಯುವುದಕ್ಕಿಂತ ಮೇಲು. ಕರ್ನಾಟಕದಲ್ಲಿ 2008ರಿಂದಲೂ ಮಹಾರಾಷ್ಟ್ರದಲ್ಲಿ 2014ರಿಂದಲೂ 108 ಸಂಖ್ಯೆಯ ಆಂಬುಲೆನ್ಸ್ ಸೇವೆಯಿದೆ. ಊರಿನ ತಾಯಿಗೂ ನೆರೆಮನೆಯವರಿಗೂ ಈ ಸಂಖ್ಯೆಯು ಬಾಯಿಪಾಠವಾಗಿರಲಿ.

ಹರ್ನಿಯಾ ಇದೆಯೆಂದು ಹಿಂದೆ ಎಂದಾದರೂ ಎಕ್ಸ್‌ರೇಯಲ್ಲಾಗಲಿ ಎಂಡೋಸ್ಕೋಪಿಯಲ್ಲಾಗಲಿ ಕಂಡಿದ್ದರೆ ಆ ಕಾಗದವನ್ನು ಜೋಪಾನವಾಗಿಟ್ಟು, ಅದರ ಚಿತ್ರವನ್ನು ಮಕ್ಕಳೆಲ್ಲರ ಫೋನುಗಳಲ್ಲಿಯೂ ಇಟ್ಟುಕೊಳ್ಳಬೇಕು. ಆಸ್ಪತ್ರೆಯಲ್ಲಿ ಮೊದಲು ಕಾಣುವ ವೈದ್ಯನಿಗೆ “ಇವರಿಗೆ ಹಯೇಟಲ್ ಹರ್ನಿಯಾ ಇದೆ, ಓಕರಿಕೆಯಿದೆ, ವಾಂತಿಯಾಗುತ್ತಿಲ್ಲ” ಎಂದು ಹೇಳಿದ ಒಂದು ವಾಕ್ಯವು ಎಷ್ಟೋ ಗಂಟೆಗಳನ್ನು ಉಳಿಸಬಲ್ಲುದು. ಎಪ್ಪತ್ತು ದಾಟಿದ ತಂದೆತಾಯಿಗಳ ಆರೋಗ್ಯ ಚೀಟಿಯನ್ನು ಮುಂದಿನ ಸಲ ಊರಿಗೆ ಹೋದಾಗ, ಜಾತ್ರೆಗೋ ಹಬ್ಬಕ್ಕೋ ಹೋದ ರಜೆಯಲ್ಲಿಯೇ, ಮಾಡಿಸಿಟ್ಟು ಬರಬೇಕು.

ನಮ್ಮ ಕನ್ನಡ ಸಂಘಗಳೂ ಹೋಟೆಲು ಮಾಲೀಕರ ಮಂಡಲಗಳೂ ಇದರಲ್ಲಿ ಮಾಡಬಹುದಾದುದು ಬಹಳವಿದೆ. ಹಿಂದೆ ಹೋಟೆಲು ಹುಡುಗರಿಗಾಗಿ ರಾತ್ರಿಶಾಲೆಗಳನ್ನು ಕಟ್ಟಿದ ಜನ ನಾವು. ಆಯಾ ಬಡಾವಣೆಯ ಧರ್ಮಾದಾಯ ಆಸ್ಪತ್ರೆಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿಯೊಂದು ಹೋಟೆಲಿನ ಅಡಿಗೆಮನೆಯ ಗೋಡೆಗೆ ಅಂಟಿಸುವುದು ಅದಕ್ಕಿಂತ ದೊಡ್ಡ ಸಾಹಸವೇನೂ ಅಲ್ಲ. ಅರ್ಜಿ ತುಂಬಬಲ್ಲ ಗುಮಾಸ್ತರು ವಾರಕ್ಕೊಂದು ಸಂಜೆ ಸಂಘದ ಕೋಣೆಯಲ್ಲಿ ಕುಳಿತು, ಓದು ಬಾರದ ಸಹೋದರರ ಇ.ಎಸ್.ಐ. ಮತ್ತು ಆಯುಷ್ಮಾನ್ ಕಾಗದಗಳನ್ನು ಸರಿಪಡಿಸಿಕೊಟ್ಟರೆ ಆ ಸೇವೆಯು ಎಷ್ಟೋ ಭಾಷಣಗಳಿಗಿಂತ ಮೇಲಾದೀತು. ವಿಜ್ಞಾನವು ತನ್ನ ಕೆಲಸವನ್ನು ಬಹುಮಟ್ಟಿಗೆ ಮಾಡಿದೆ. ನ್ಯಾಯಾಲಯಗಳೂ ತಮ್ಮ ಮಾತನ್ನು ಹೇಳಿವೆ. ರೋಗಿಯನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಮುಟ್ಟಿಸುವ ಕೆಲಸವಿನ್ನೂ ನಮ್ಮ ಕೈಯಲ್ಲಿದೆ. ಅದನ್ನು ಈ ವಾರವೇ ಆರಂಭಿಸಬಹುದು.